ಜೇನು ಸಾಯುತ್ತಿರುವುದು ಕುಲಾಂತರಿ ಬೀಜದಿಂದಲೋ, ಬೀಜಕ್ಕೆ ಬಳಿದ ಬಣ್ಣದಿಂದಲೋ?

ಹಸಿರುಗದ್ದೆ:
ಕುಲಾಂತರಿ ಬೆಳೆಯ ಪರ ಮಾತಾಡುವವರು ಇಳುವರಿ ಲೆಕ್ಕ ಬಿಟ್ಟು ಬೇರೇನೂ ಹೇಳುವುದಿಲ್ಲ. ಬಿಟಿ ಗಿಡ ಅಂದರೆ ಮಣ್ಣಿನ ಬ್ಯಾಕ್ಟೀರಿಯಾವೊಂದರ ಜೀನ್ ಸೇರಿಸಿದ ಕುಲಾಂತರಿ; ಅದರ ಎಲೆ, ಕಾಂಡ, ಪರಾಗ ಎಲ್ಲದರಲ್ಲೂ ಹುಳು ಕೊಲ್ಲುವ ಪ್ರೋಟೀನ್ ಇರುತ್ತದೆ. ಜೇನುನೊಣ ಅದೇ ಪರಾಗ ಹೊತ್ತು ತಂದು ಮರಿಗಳಿಗೆ ಉಣಿಸುತ್ತದೆ. 2006ರ ಚಳಿಗಾಲದಲ್ಲಿ ಅಮೆರಿಕದ ಗೂಡುಗಳಲ್ಲಿ ರಾಣಿ ಇತ್ತು, ಮರಿ ಇತ್ತು, ತುಪ್ಪವೂ ಇತ್ತು. ಕೆಲಸಗಾರ ನೊಣಗಳು ಮಾತ್ರ ಮಾಯ. ಬಿಟಿ ಮೆಕ್ಕೆಜೋಳ ಅಲ್ಲಿಗೆ ಬಂದು ಆಗ ಹತ್ತು ವರ್ಷ. ಜೇನು ಹೋದರೆ ನಾಲ್ಕೇ ವರ್ಷದಲ್ಲಿ ಮನುಷ್ಯನೂ ಹೋಗುತ್ತಾನೆ ಎಂದು ಐನ್‌ಸ್ಟೈನ್ ಸುಮ್ಮನೆ ಹೇಳಿದರೇ?

ಕೀಟಲೋಕ:
ಐನ್‌ಸ್ಟೈನ್ ಹಾಗೆ ಹೇಳಿದ್ದಕ್ಕೆ ಯಾವ ದಾಖಲೆಯೂ ಇಲ್ಲ ಸರ್, ಅದನ್ನು ಪಕ್ಕಕ್ಕಿಡೋಣ.

ಬಿಟಿ ಪ್ರೋಟೀನ್ ಮುಟ್ಟಿದ್ದನ್ನೆಲ್ಲ ಕೊಲ್ಲುವ ವಿಷವಲ್ಲ. ಕಾಯಿಕೊರಕ ಹುಳುವಿನ ಕರುಳು ಕ್ಷಾರೀಯ. ಅಲ್ಲಿ ಅದು ಕರಗಿ, ತುಂಡಾಗಿ, ಕರುಳಗೋಡೆಯಲ್ಲಿ ಅದನ್ನು ಹಿಡಿದುಕೊಳ್ಳುವ ಜಾಗಕ್ಕೆ (ಗ್ರಾಹಕ) ಅಂಟಿಕೊಂಡು ತೂತು ಕೊರೆಯುತ್ತದೆ. ಜೇನುನೊಣದ ಕರುಳು ಅಂಥ ಕ್ಷಾರೀಯವಲ್ಲ, ಆ ಗ್ರಾಹಕವೂ ಅದಕ್ಕಿಲ್ಲ. 2008ರಲ್ಲಿ 25 ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗಿಟ್ಟು ನೋಡಿದಾಗ ಮರಿಗಳಲ್ಲಾಗಲಿ ಬೆಳೆದ ನೊಣಗಳಲ್ಲಾಗಲಿ ಸಾವು ಹೆಚ್ಚಾದದ್ದು ಕಾಣಲಿಲ್ಲ. ಯುರೋಪಿನಲ್ಲಿ ಸ್ಪೇನ್ ಬಿಟ್ಟರೆ ಬಿಟಿ ಮೆಕ್ಕೆಜೋಳ ಹೇಳಿಕೊಳ್ಳುವಷ್ಟು ಇಲ್ಲ. ಆದರೂ ಅಲ್ಲಿ ಚಳಿಗಾಲ ಕಳೆದು ಪೆಟ್ಟಿಗೆ ತೆರೆದವರಿಗೆ ಖಾಲಿ ಗೂಡು ಸಿಕ್ಕಿದೆ.

ಬಿತ್ತನೆಕೂರಿಗೆ:
ಬೀಜದೊಳಗಿನ ಜೀನಿನ ಬಗ್ಗೆಯೇ ಜಗಳ, ಬೀಜದ ಮೇಲೆ ಬಳಿದಿರುವುದನ್ನು ಯಾರೂ ನೋಡುತ್ತಿಲ್ಲ. ಬಿಟಿ ಮೆಕ್ಕೆಜೋಳದ ಚೀಲ ಬಿಚ್ಚಿದರೆ ಬೀಜ ಕೆಂಪಗೋ ನೀಲಿಯಾಗೋ ಇರುತ್ತದೆ. ಆ ಬಣ್ಣದ ಜೊತೆಗೇ ಕ್ಲೋಥಿಯಾನಿಡಿನ್ ಅಥವಾ ಥಯಾಮೆಥಾಕ್ಸಾಮ್ ಎಂಬ, ನಿಯೋನಿಕೊಟಿನಾಯ್ಡ್ ಗುಂಪಿನ ಕೀಟನಾಶಕ ಇರುತ್ತದೆ. ಅಮೆರಿಕದಲ್ಲಿ ಮೆಕ್ಕೆಜೋಳದ ಬೀಜದ ಬಹುಪಾಲು ಹೀಗೇ ಬರುತ್ತದೆ. ಒಂದು ಬೀಜಕ್ಕೆ 0.25ರಿಂದ 1.25 ಮಿಲಿಗ್ರಾಂ. ಕ್ಲೋಥಿಯಾನಿಡಿನ್ ತಿಂದ ನೊಣಗಳಲ್ಲಿ ಅರ್ಧ ಸಾಯಲು ನೊಣವೊಂದಕ್ಕೆ ಸುಮಾರು 4 ನ್ಯಾನೊಗ್ರಾಂ ಸಾಕು. 1.25 ಮಿಲಿಗ್ರಾಂ ಅಂದರೆ ಹನ್ನೆರಡೂವರೆ ಲಕ್ಷ ನ್ಯಾನೊಗ್ರಾಂ, ಭಾಗಿಸಿ ನೋಡಿ. ಕುಲಾಂತರಿ ಅಲ್ಲದ ಬೀಜಕ್ಕೂ ಇದನ್ನೇ ಬಳಿಯುತ್ತಾರೆ, ಅದು ನೆನಪಿರಲಿ.

ಅಡ್ಡಮಾತು:
ಭಾಗಿಸಿದೆ, ಮೂರು ಲಕ್ಷದ ಮೇಲೆ ಬಂತು. ಆದರೆ ನೊಣ ಬೀಜ ತಿನ್ನುತ್ತದೆಯೇನ್ರೀ? ಬಳಿದದ್ದರಲ್ಲಿ ಗಿಡ ಹೀರುವುದು ಸ್ವಲ್ಪವೇ, ಉಳಿದದ್ದು ಮಣ್ಣಿಗೆ. ಬೀಜೋಪಚಾರ ಮಾಡಿದ ಬೆಳೆಯ ಮಕರಂದದಲ್ಲಿ ಗ್ರಾಮಿಗೆ 2 ನ್ಯಾನೊಗ್ರಾಂ ಇದೆ ಅಂದುಕೊಳ್ಳಿ. ನೊಣ ಒಂದು ಸಲ ಹೊರುವುದು 40 ಮಿಲಿಗ್ರಾಂ ಆಸುಪಾಸು. ಅಂದರೆ 0.08 ನ್ಯಾನೊಗ್ರಾಂ. ಎಲ್ಲಿಯ 4, ಎಲ್ಲಿಯ 0.08? ವಿಷದ ಹೆಸರು ಹೇಳಿದರೆ ಸಾಲದು, ಎಷ್ಟು ತಲುಪಿತು ಅನ್ನುವುದೂ ಬೇಕು.

ಬಿತ್ತನೆಕೂರಿಗೆ:
ಮಕರಂದದ ಲೆಕ್ಕ ಒಪ್ಪಿದೆ. ಆದರೆ ವಿಷ ಬರುವ ದಾರಿ ಅದೊಂದೇ ಅಲ್ಲ. ಗಾಳಿಯ ಒತ್ತಡದಿಂದ ಬೀಜ ಹಿಡಿದು ಬಿಡುವ ಯಂತ್ರದಲ್ಲಿ ಬೀಜಕ್ಕೆ ಬೀಜ ಉಜ್ಜಿ ಲೇಪ ಪುಡಿಯಾಗುತ್ತದೆ. ಬೀಜ ಸಲೀಸಾಗಿ ಜಾರಲಿ ಎಂದು ಹಾಕುವ ಟಾಲ್ಕ್ ಪುಡಿ ಅದನ್ನೂ ಸೇರಿಸಿಕೊಂಡು ಫ್ಯಾನಿನ ಬಾಯಿಂದ ಹೊರಬೀಳುತ್ತದೆ. 2008ರ ವಸಂತದಲ್ಲಿ ಜರ್ಮನಿಯ ರೈನ್ ಕಣಿವೆಯಲ್ಲಿ ಆದದ್ದು ಇದೇ. ಲೇಪ ಸರಿಯಾಗಿ ಅಂಟಿರಲಿಲ್ಲ. ಧೂಳು ಪಕ್ಕದ ಹೂಗಳ ಮೇಲೆ ಕೂತು 11,000ಕ್ಕೂ ಹೆಚ್ಚು ಜೇನು ಕುಟುಂಬಗಳಿಗೆ ಪೆಟ್ಟಾಯಿತು. ಅದು ಬಿಟಿಯ ಪ್ರಶ್ನೆಯೇ ಆಗಿರಲಿಲ್ಲ.

ಫ್ಯಾನಿನ ಬಾಯಿಗೆ ಕೊಳವೆ ಜೋಡಿಸಿ ಗಾಳಿಯನ್ನು ನೆಲದತ್ತ ತಿರುಗಿಸಬೇಕು. ಚೀಲದ ತಳದಲ್ಲಿ ಉಳಿದ ಪುಡಿಯನ್ನು ಯಂತ್ರಕ್ಕೆ ಸುರಿಯಬಾರದು. ಬದುವಿನಲ್ಲಿ ಹೂಬಿಟ್ಟ ಕಳೆ ಇದ್ದರೆ ಬಿತ್ತುವ ಮೊದಲೇ ಸವರಬೇಕು. ಗಾಳಿ ಬೀಸುವಾಗ ಬಿತ್ತನೆ ಬೇಡ.

ಇನ್ನು 0.08 ಕೊಲ್ಲುವುದಿಲ್ಲ ಸರಿ. ಆದರೆ ನೊಣ ದಿನಕ್ಕೆ ಹತ್ತಾರು ಸಲ ಹೋಗಿಬರುತ್ತದೆ. ಅದೇ ಗುಂಪಿನ ಥಯಾಮೆಥಾಕ್ಸಾಮನ್ನು ನೊಣಕ್ಕೆ 1.34 ನ್ಯಾನೊಗ್ರಾಂ ಕೊಟ್ಟು, ಬೆನ್ನಿಗೆ ಪುಟ್ಟ ಚಿಪ್ ಅಂಟಿಸಿ ಬಿಟ್ಟ 2012ರ ಪ್ರಯೋಗದಲ್ಲಿ ಬಹಳಷ್ಟು ನೊಣ ಗೂಡಿಗೆ ಮರಳಲೇ ಇಲ್ಲ. ಯುರೋಪಿನಲ್ಲಿ 2013ರಲ್ಲಿ ಮೂರು ನಿಯೋನಿಕೊಟಿನಾಯ್ಡ್‌ಗಳಿಗೆ ಮಿತಿ ಬಂತು, 2018ರಲ್ಲಿ ಬಯಲು ಬೆಳೆಗೆ ಪೂರ್ತಿ ತಡೆ.

ಪೆಟ್ಟಿಗೆಜೇನು:
ಎಲ್ಲರೂ ಹೊಲದಲ್ಲೇ ಅಲೆಯುತ್ತಿದ್ದೀರಿ, ಒಮ್ಮೆ ಪೆಟ್ಟಿಗೆಯ ಮುಚ್ಚಳ ಎತ್ತಿ. ವರೋವಾ ನುಸಿ ಮೂಲತಃ ತುಡುವೆ ಜೇನಿನದು. ತುಡುವೆ ಅದರ ಜೊತೆ ಏಗಲು ಕಲಿತಿದೆ, ಯುರೋಪಿನ ಮೆಲ್ಲಿಫೆರಾ ಕಲಿತಿಲ್ಲ. ನುಸಿ ಮರಿಯ ಕೊಬ್ಬು ಕೂಡಿಡುವ ಅಂಗ ತಿನ್ನುತ್ತದೆ, ರೆಕ್ಕೆ ಮುರುಟುವ ವೈರಸ್ಸನ್ನೂ ದಾಟಿಸುತ್ತದೆ. ನುಸಿ ಎಣಿಸದೆ ‘ಕುಲಾಂತರಿ ಕೊಂದಿತು’ ಅನ್ನುವುದಾಗಲಿ ‘ಕೀಟನಾಶಕ ಕೊಂದಿತು’ ಅನ್ನುವುದಾಗಲಿ ಬರೀ ಊಹೆ.

ಎಣಿಸುವುದು ಕಷ್ಟವಲ್ಲ. ಮರಿ ಇರುವ ಚೌಕಟ್ಟು ತೆಗೆದು ರಾಣಿ ಅದರಲ್ಲಿಲ್ಲ ಎಂದು ಎರಡು ಸಲ ನೋಡಿ. ಅರ್ಧ ಕಪ್ ನೊಣ, ಅಂದರೆ ಸುಮಾರು 300, ಬಾಟಲಿಗೆ ಉದುರಿಸಿ. ಮುಚ್ಚಳದಲ್ಲಿ 3 ಮಿಲಿಮೀಟರ್ ಕಣ್ಣಿನ ಜಾಲರಿ ಇರಲಿ. ಎರಡು ದೊಡ್ಡ ಚಮಚ ಸಕ್ಕರೆ ಪುಡಿ ಹಾಕಿ ಒಂದು ನಿಮಿಷ ಉರುಳಿಸಿ, ಎರಡು ನಿಮಿಷ ಬಿಟ್ಟು, ಬಿಳಿ ತಟ್ಟೆಯ ಮೇಲೆ ಬೋರಲು ಹಿಡಿದು ಜಾಡಿಸಿ. ತಟ್ಟೆಗೆ ನೀರು ಚಿಮುಕಿಸಿದರೆ ಸಕ್ಕರೆ ಕರಗಿ ಕಂದು ಚುಕ್ಕೆಗಳು ಉಳಿಯುತ್ತವೆ. 9 ಸಿಕ್ಕರೆ ನೂರಕ್ಕೆ 3, ಇನ್ನು ಕಾಯದೆ ನುಸಿಗೆ ಔಷಧ ಹಾಕಿ. ಸಕ್ಕರೆ ತೇವವಾಗಿದ್ದರೆ ನುಸಿ ಉದುರದೆ ಲೆಕ್ಕ ಕಡಿಮೆ ತೋರಿಸುತ್ತದೆ, ಜನ ಮೋಸ ಹೋಗುವುದು ಇಲ್ಲೇ. ಮರಿ ಬೆಳೆಯುವ ಮುಚ್ಚಿದ ಕಣಗಳೊಳಗಿನ ನುಸಿ ಈ ಲೆಕ್ಕಕ್ಕೆ ಸಿಗುವುದೂ ಇಲ್ಲ.

ಮರಿ ಇಲ್ಲದ ಕಾಲವಾದರೆ ಆಕ್ಸಾಲಿಕ್ ಆಮ್ಲ: ಸಕ್ಕರೆ, ನೀರು ಸಮಪಾಲು ಬೆರೆಸಿದ ಪಾಕಕ್ಕೆ ಲೀಟರಿಗೆ 35 ಗ್ರಾಂ, ಚೌಕಟ್ಟುಗಳ ನಡುವಿನ ಒಂದೊಂದು ಸಂದಿಗೆ 5 ಮಿಲಿಲೀಟರ್, ಇಡೀ ಪೆಟ್ಟಿಗೆಗೆ 50 ದಾಟಬಾರದು. ಕೈಗವಸು ಕಡ್ಡಾಯ. ಫಾರ್ಮಿಕ್ ಆಮ್ಲದ ಆವಿ ಮುಚ್ಚಿದ ಕಣದೊಳಗೂ ಹೋಗುತ್ತದೆ, ಆದರೆ ಬಿಸಿಲು 30 ಡಿಗ್ರಿ ಮುಟ್ಟಿದರೆ ರಾಣಿಗೇ ಕುತ್ತು.

ಹಸಿರುಗದ್ದೆ:
ಬಿಟಿ ಪರಾಗದ ಮಾತು ವಾಪಸ್ ತೆಗೆದುಕೊಂಡೆ. ಕಳೆನಾಶಕ ಹೊಡೆದರೂ ಸಾಯದೆ ತಡೆದುಕೊಳ್ಳುವ ಕುಲಾಂತರಿ ಬೆಳೆಗೆ ಏನು ಹೇಳುತ್ತೀರಿ? ಗ್ಲೈಫೋಸೇಟ್ ಎಂಬ ಕಳೆನಾಶಕ ನೊಣದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ ಮಾಡುತ್ತದೆ ಎಂದು 2018ರಲ್ಲೇ ತೋರಿಸಿದ್ದಾರೆ. ಅದಿರಲಿ, ಹೊಲದಲ್ಲಿ ಒಂದು ಕಳೆಹೂವೂ ಉಳಿಯದಿದ್ದರೆ ಬೆಳೆ ಹೂ ಮುಗಿದ ಮೇಲೆ ನೊಣ ಏನು ತಿನ್ನಬೇಕು?

ಕೀಟಲೋಕ:
ಇದು ಗಟ್ಟಿ ಪ್ರಶ್ನೆ. ಬ್ರಿಟನ್ನಿನಲ್ಲಿ ಇದನ್ನು ದೊಡ್ಡ ಹೊಲಗಳಲ್ಲೇ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಕೊಟ್ಟರು. ಕಳೆನಾಶಕ ತಡೆಯುವ ಬೀಟ್ ಮತ್ತು ಎಣ್ಣೆ ಸಾಸಿವೆಯಲ್ಲಿ ಕಳೆಯೂ ಕಳೆಬೀಜವೂ ಇಳಿದವು, ಬೀಟ್ ಹೊಲಕ್ಕೆ ಬರುವ ಜೇನು ಕಡಿಮೆಯಾಯಿತು. ಮೆಕ್ಕೆಜೋಳದಲ್ಲಿ ತಿರುವುಮುರುವು: ಕುಲಾಂತರಿ ಹೊಲದಲ್ಲೇ ಕಳೆ ಹೆಚ್ಚು ಉಳಿಯಿತು, ಯಾಕೆಂದರೆ ಹೋಲಿಕೆಯ ಹೊಲಗಳಿಗೆ ಹೊಡೆಯುತ್ತಿದ್ದದ್ದು ಅಟ್ರಾಜಿನ್‌ನಂಥ ಕಡು ಕಳೆನಾಶಕ. ‘ಕುಲಾಂತರಿ’ ಅನ್ನುವ ಪದ ಹಿಡಿದು ತೀರ್ಪು ಕೊಡಲು ಆಗದಿರುವುದು ಅದಕ್ಕೇ. ಯಾವ ಬೆಳೆ, ಯಾವ ಗುಣ, ಅದರ ಜೊತೆ ಯಾವ ಸಿಂಪಡಣೆ ಎಂದು ಬಿಡಿಸಿ ಕೇಳಬೇಕು.

ಅಡ್ಡಮಾತು:
ಬಿಟಿ ಹತ್ತಿಯಲ್ಲಿ ಕಾಯಿಕೊರಕಕ್ಕೆ ಹೊಡೆಯುವುದು ತಗ್ಗಿತಲ್ಲ, ಅದು ಜೇನಿಗೆ ಲಾಭವೇ. ಅದನ್ನೂ ಬರೆದುಕೊಳ್ಳಿ.

ಕೀಟಲೋಕ:
ಬರೆದುಕೊಂಡೆ. ಅದರ ಕೆಳಗೇ ಇದನ್ನೂ ಸೇರಿಸಿ: ಚೀನಾದಲ್ಲಿ ಆ ಸಿಂಪಡಣೆ ನಿಂತ ಮೇಲೆ ರಸ ಹೀರುವ ಮಿರಿಡ್ ತಿಗಣೆ ಹೆಚ್ಚಿತು, ಅದಕ್ಕೆ ಮತ್ತೆ ಸಿಂಪಡಣೆ ಶುರುವಾಯಿತು.

ಅನ್ನದ ವಿಷಯಕ್ಕೆ ಬಂದರೆ, ಭತ್ತ, ಗೋಧಿ, ಜೋಳಕ್ಕೆ ಜೇನು ಬೇಕಿಲ್ಲ. ಜಗತ್ತಿನ 115 ಮುಖ್ಯ ಆಹಾರ ಬೆಳೆಗಳಲ್ಲಿ 87ಕ್ಕೆ ಪರಾಗ ಸಾಗಿಸುವ ಜೀವಿಗಳು ಸ್ವಲ್ಪವೋ ಪೂರ್ತಿಯೋ ಬೇಕು, ಆದರೆ ತೂಕದಲ್ಲಿ ಅವು ಸುಮಾರು ಶೇ. 35. ಜೇನು ಹೋದರೆ ಹೊಟ್ಟೆ ಹೇಗೋ ತುಂಬೀತು. ತಟ್ಟೆಯಿಂದ ಕುಂಬಳ, ಕಲ್ಲಂಗಡಿ, ಬಾದಾಮಿ ಜಾರಿಹೋಗುತ್ತವೆ, ಜೊತೆಗೆ ‘ಎ’ ಜೀವಸತ್ವವೂ.

ಹಸಿರುಗದ್ದೆ:
ಹಾಗಾದರೆ ಗೂಡು ಸತ್ತಾಗ ಯಾವುದರಿಂದ ಎಂದು ತಿಳಿಯುವುದು ಹೇಗೆ?

ಪೆಟ್ಟಿಗೆಜೇನು:
ಬಾಗಿಲ ಮುಂದೆ ಒಂದೇ ದಿನ ರಾಶಿ ಬಿದ್ದು, ನಾಲಗೆ ಹೊರಚಾಚಿ ಸತ್ತಿದ್ದರೆ ಮೊದಲು ವಿಷವನ್ನೇ ಶಂಕಿಸಿ. ಮುರುಟಿದ ರೆಕ್ಕೆಯ ನೊಣ ನೆಲದಲ್ಲಿ ತೆವಳುತ್ತಿದ್ದರೆ ನುಸಿ ಎಣಿಸಿ. ತುಪ್ಪ ಖಾಲಿಯಾಗಿ, ನೊಣ ತಲೆಯನ್ನು ಕಣದೊಳಗೆ ತೂರಿಸಿಕೊಂಡು ಸತ್ತಿದ್ದರೆ ಅದು ಹಸಿವು. ವಿಷದ ಅನುಮಾನ ಇದ್ದರೆ ಅಂದೇ 50 ಗ್ರಾಂ, ಸುಮಾರು 500 ನೊಣ, ಶುಭ್ರ ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಡಿ. ಎರಿಯಲ್ಲಿ ಕೂಡಿಟ್ಟ ಪರಾಗದ್ದೂ ಒಂದು ತುಂಡು ಬೇರೆ ಡಬ್ಬಿಗೆ. ಎರಡು ದಿನ ಬಿಸಿಲಲ್ಲಿ ಬಿದ್ದ ನೊಣ ಕಳಿಸಿದರೆ ವಿಷ ಇದ್ದೂ ಸಿಗದೆ ಹೋಗಬಹುದು.