ಹರಾಜಿನ ಮೇಕಪ್ ಲಾಟ್: ಬಿಡ್ ಹಾಕೋ ಮೊದಲು ಏನು ನೋಡಬೇಕು?

ಪ್ರಶ್ನೆ: ಆನ್‌ಲೈನ್ ಹರಾಜಿನಲ್ಲಿ ಲಿಪ್‌ಸ್ಟಿಕ್, ಮಸ್ಕರಾ ಸೇರಿ 200 ಪೀಸ್ ಲಾಟ್ (ಒಟ್ಟಿಗೇ ಮಾರುವ ಕಟ್ಟು) 9,000 ರೂಪಾಯಿಗೆ ನಿಂತಿದೆ. 'ಕಸ್ಟಮರ್ ರಿಟರ್ನ್ಸ್' (ಗ್ರಾಹಕರು ವಾಪಸ್ ಮಾಡಿದ ಮಾಲು) ಅಂತಿದೆ. ಮಾರೋಕೆ ತಗೋಬಹುದಾ?

ಉತ್ತರ 1: ರಿಟರ್ನ್ಸ್ ಅಂದ್ಮೇಲೆ ತೆರೆದ ಮಾಲೂ ಇರುತ್ತೆ. ತೆರೆದ ಮಸ್ಕರಾ ನೇರ ಕಸಕ್ಕೆ. ಬ್ರಷ್ ಒಮ್ಮೆ ರೆಪ್ಪೆ ಮುಟ್ಟಿ ಒಳಗೆ ಹೋದರೆ ಬ್ಯಾಕ್ಟೀರಿಯಾ ಬೆಳೆಯುತ್ತೆ. ಐಟಂವಾರು ಪಟ್ಟಿ, ಬ್ಯಾಚ್ ನಂಬರ್, ಎಕ್ಸ್‌ಪೈರಿ ಕಾಣುವ ಫೋಟೊ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಉತ್ತರ 2: ಲೆಕ್ಕವನ್ನೂ ಸರಿಯಾಗಿ ಹಾಕಿ. ಕಮಿಷನ್, ಜಿಎಸ್‌ಟಿ, ಸಾಗಣೆ ಸೇರಿ 12,600 ಆಯ್ತು ಅನ್ನಿ. 60 ಪೀಸ್ ಹಾಳಾದರೆ ಉಳಿದ 140ರಲ್ಲಿ ಒಂದಕ್ಕೆ ಬೀಳೋದು 63 ಅಲ್ಲ, 90 ರೂಪಾಯಿ.

ಉತ್ತರ 3: ವಿದೇಶಿ ಮಾಲಾದರೆ ಲೇಬಲ್ ಮೇಲೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಲೇಬೇಕು (2020ರ ಕಾಸ್ಮೆಟಿಕ್ಸ್ ರೂಲ್ಸ್). ಇಲ್ಲದ್ದನ್ನು ಮಾರಿದರೆ ತಲೆನೋವು ನಿಮಗೇ. ಪೆಟ್ಟಿಗೆ ಬಂದಾಗ ಟೇಪ್ ಕತ್ತರಿಸುವ ಮೊದಲೇ ವಿಡಿಯೊ ಶುರು ಮಾಡಿ. ನಡುವೆ ಕಟ್ ಆದರೆ, ಮಾಲು ಸರಿಯಿಲ್ಲ ಅನ್ನೋ ನಿಮ್ಮ ಕ್ಲೇಮ್ ನಿಲ್ಲದೇ ಹೋಗಬಹುದು.