1944ರ ಜನವರಿಯಲ್ಲಿ ಮುಂಬಯಿಗೆ ಬೆಳಗಾಗುತ್ತಿದ್ದುದು ಎಷ್ಟು ಗಂಟೆಗೆ?

ಡೊಂಬಿವಲಿಯಿಂದ, ಕೇಳಿದವರು:
ನನ್ನ ಅಜ್ಜ ಹನ್ನೆರಡನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದವರು. ಅವರನ್ನಿಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದೇನೆ. ಕಾಲ 1942ರಿಂದ 1945. ಕ್ವಿಟ್ ಇಂಡಿಯಾ ಚಳವಳಿ, 1944ರ ಏಪ್ರಿಲ್ 14ರ ವಿಕ್ಟೋರಿಯಾ ಡಾಕ್ ಸ್ಫೋಟ ಎಲ್ಲವೂ ಪುಸ್ತಕಗಳಲ್ಲಿ ಸಿಗುತ್ತವೆ. ಹುಡುಗ ಬೆಳಿಗ್ಗೆದ್ದು ಹಲ್ಲುಜ್ಜುವಲ್ಲಿಗೆ ಬಂದಾಗ ನನ್ನ ಪೆನ್ನು ನಿಲ್ಲುತ್ತದೆ. ಈವರೆಗೆ ಬರೆದದ್ದು ಇಷ್ಟು: 1942ರ ಆಷಾಢದ ಮಳೆಯಲ್ಲಿ ಹುಡುಗ ಹಡಗಿನಿಂದ ಭಾವುಚಾ ಧಕ್ಕೆಯಲ್ಲಿ ಇಳಿಯುತ್ತಾನೆ. ಜೇಬಿನಲ್ಲಿ ಅಮ್ಮ ಕೊಟ್ಟ ತೂತಿನ ಕಾಸು. 1944ರ ಜನವರಿಯ ಒಂದು ಬೆಳಿಗ್ಗೆ ಆರಕ್ಕೆ, ಎಳೆಬಿಸಿಲಿನಲ್ಲಿ ಹೋಟೆಲಿನ ಬಾಗಿಲು ತೆರೆದು, ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುತ್ತಾನೆ. ಬಲ್ಲವರು ತಿದ್ದಿ.

ವಾಶಿಯಿಂದ:
ತಿದ್ದುವುದು ಬೇಕಾದಷ್ಟಿದೆ ಮಾರಾಯರೇ. ಆಷಾಢದಲ್ಲಿ ನಮ್ಮ ಕರಾವಳಿಯ ಹಡಗು ಎಲ್ಲಿತ್ತು? ಮಳೆಗಾಲ ಬಂತೆಂದರೆ ಅದು ನಿಲ್ಲುತ್ತಿತ್ತು. ಒಂದೋ ಹುಡುಗನನ್ನು ಬೇಸಗೆಯಲ್ಲಿ ಕರೆತನ್ನಿ, ಇಲ್ಲವೇ ಘಟ್ಟ ಹತ್ತಿಸಿ ಹುಬ್ಬಳ್ಳಿಯಲ್ಲಿ ರೈಲಿಗೆ ಕೂರಿಸಿ. ತೂತಿನ ಪೈಸೆ ಚಲಾವಣೆಗೆ ಬಂದದ್ದು 1943ರಲ್ಲಿ. 1942ರಲ್ಲಿ ಅದು ಅವನ ಅಮ್ಮನಿಗೆ ಸಿಗುವಂತಿರಲಿಲ್ಲ.

ಇನ್ನು ಆ ಎಳೆಬಿಸಿಲು. ನಾನು ಕೆಲಸದಲ್ಲಿದ್ದಷ್ಟು ಕಾಲವೂ ಗಡಿಯಾರ ನೋಡಿ ಬದುಕಿದವನು, ಹಾಗಾಗಿ ಇದು ಕಣ್ಣಿಗೆ ಬಿತ್ತು. ಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ನಡುವಿನವರೆಗೆ, ಸರಕಾರ ಭಾರತದ ವೇಳೆಯನ್ನು ಒಂದು ಗಂಟೆ ಮುಂದಕ್ಕೆ ತಳ್ಳಿತ್ತು. ಮುಂಬಯಿಯಲ್ಲಿ ಜನವರಿಯ ಸೂರ್ಯ ಇಂದಿನ ಲೆಕ್ಕದಲ್ಲಿ ಹುಟ್ಟುವುದೇ ಏಳೂಕಾಲರ ಸುಮಾರಿಗೆ. ಆ ವರ್ಷಗಳ ಗಡಿಯಾರದಲ್ಲಿ ಅದು ಎಂಟೂಕಾಲು! ಆರಕ್ಕೆ ಬಾಗಿಲು ತೆರೆದ ಹುಡುಗನಿಗೆ ಇನ್ನೂ ಎರಡು ಗಂಟೆ ಕತ್ತಲು. ಅದೂ ಸಾಲದು: ಮುಂಬಯಿಗೆ ತನ್ನದೇ ಒಂದು ವೇಳೆಯೂ ಇತ್ತು, ಭಾರತದ ವೇಳೆಗಿಂತ 39 ನಿಮಿಷ ಹಿಂದೆ. ಅದು ಪೂರ್ತಿ ಬಿಟ್ಟುಹೋದದ್ದು 1955ರಲ್ಲಿ. "ಯಾವ ವೇಳೆ?" ಎಂದು ಕೇಳಿಕೊಳ್ಳುತ್ತಿದ್ದ ಊರಿನಲ್ಲಿ ನಿಮ್ಮ ಪಾತ್ರಗಳು ತಡವಾಗಿ ಬರಲು ಬೇರೆ ಕಾರಣವೇ ಬೇಡ.

ಮಾಟುಂಗಾದಿಂದ:
ಸ್ಟೀಲ್ ಲೋಟ ತೆಗೆದುಬಿಡಿ. ಆಗ ಇದ್ದದ್ದು ಪಿಂಗಾಣಿಯ ಕಪ್ಪು ಬಸಿ, ಒಳಗೆ ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆ.

ನಮ್ಮ ತಂದೆಯವರ ಹೋಟೆಲಿನ ಒಂದು ಕಿರ್ದಿ ಪುಸ್ತಕ ನನ್ನ ಬಳಿ ಉಳಿದಿದೆ. ಕೆಂಪು ಬಟ್ಟೆಯ ರಟ್ಟು. ರೂಪಾಯಿ, ಆಣೆ, ಪೈ ಎಂದು ಮೂರು ಸಾಲು. ಆಣೆಗೆ ಹನ್ನೆರಡು ಪೈ, ಪೈಸೆಗೆ ಮೂರು. ಆದ್ದರಿಂದ ಕೊನೆಯ ಸಾಲಿನಲ್ಲಿ ಹೆಚ್ಚಾಗಿ 3, 6, 9 ಮಾತ್ರ ಕಾಣುತ್ತವೆ. ನೀವು ಪಾತ್ರದ ಬಾಯಿಯಲ್ಲಿ "ಐದು ಪೈಸೆ" ಎಂದು ಹೇಳಿಸುವ ಮುನ್ನ ನೆನಪಿಡಿ, ಹಾಗೆಂದರೆ ಆಣೆಯ ಮೇಲೊಂದು ಪೈಸೆ. ನಾಲ್ಕಾಣೆಗೆ ನಾವು ಪಾವಲಿ ಎನ್ನುತ್ತಿದ್ದೆವು. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ.

ಹೋಟೆಲಿನ ಬದುಕು ಇಡೀ ಅದರಲ್ಲಿದೆ. ಇದ್ದಿಲಿಗೆ ಇಷ್ಟು, ಕಲಾಯಿಯವನಿಗೆ ಇಷ್ಟು, ಅರೆಯುವವನ ಕೈಗೆ ಹಚ್ಚಲು ಎಣ್ಣೆ, ಮಾಣಿಯ ಚಡ್ಡಿಗೆ ಬಟ್ಟೆ, ಊರಿಗೆ ಮನಿ ಆರ್ಡರ್. ಮುಂಬಯಿಗೆ ರೇಷನ್ ಬಂದದ್ದು 1943ರ ಮೇ ತಿಂಗಳಲ್ಲಿ. ಅಲ್ಲಿಂದಾಚೆ ಅಕ್ಕಿಯ ಬರವಣಿಗೆಯ ರೀತಿಯೇ ಬದಲಾಗುತ್ತದೆ. ಒಂದು ಪುಟದಲ್ಲಿ ಹುಡುಗನೊಬ್ಬನ ಹೆಸರು. ಅದರ ಕೆಳಗೆ ತಿಂಗಳಿಡೀ ಅವನು ಒಡೆದ ಕಪ್ಪು ಬಸಿಗಳ ಲೆಕ್ಕ, ತಾರೀಕು ಸಮೇತ. ಕೊನೆಯಲ್ಲಿ ಅಷ್ಟನ್ನೂ ಸಂಬಳದಿಂದ ಕಳೆದಿದೆ. ಅಕ್ಷರ ನನ್ನ ತಂದೆಯವರದು, ಮುತ್ತು ಪೋಣಿಸಿದ ಹಾಗಿದೆ. ಮೊದಲ ಸಲ ಓದಿದ ದಿನ ಪುಸ್ತಕ ಮುಚ್ಚಿಟ್ಟವನು ಒಂದು ವರ್ಷ ತೆರೆಯಲಿಲ್ಲ.

ಘಾಟ್‌ಕೋಪರ್‌ನಿಂದ:
ಸರಕಾರಿ ಕಾಗದಪತ್ರಗಳಿಗೆ ಕಾಲಾ ಘೋಡಾದಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲೇ ಇರುವ ರಾಜ್ಯ ಪತ್ರಾಗಾರ. ಚಾಳಿನ, ಅಂದರೆ ಸಾಲುಕೋಣೆಗಳ ವಠಾರದ, ಬದುಕಿಗಾದರೆ ಹಳೆಯ ಮುಂಬಯಿ ಸರಕಾರದ ಕಾರ್ಮಿಕ ಕಚೇರಿಯ ವರದಿಗಳು. 1921-22ರಲ್ಲಿ ಅವರು ಕಾರ್ಮಿಕ ಕುಟುಂಬಗಳ ಖರ್ಚುವೆಚ್ಚ ವಿಚಾರಿಸಿದಾಗ ನೂರಕ್ಕೆ 97 ಕುಟುಂಬಗಳು ಒಂದೇ ಖೋಲಿಯಲ್ಲಿ, ಒಂದೇ ಕೋಣೆಯಲ್ಲಿ, ಇದ್ದವು. ನಿಮ್ಮ ಕಾಲಕ್ಕೆ ಇಪ್ಪತ್ತು ವರ್ಷ ಹಿಂದಿನದು, ನಿಜ, ಆದರೆ ಖೋಲಿ ಬೆಳೆಯುವುದಿಲ್ಲವಲ್ಲ. ಪತ್ರಿಕೆಯ ಹಳೆಯ ಸಂಪುಟ ಸಿಕ್ಕಿದರೆ ಮುಖಪುಟ ಬಿಟ್ಟು ಜಾಹೀರಾತು ಓದಿ. ನಮ್ಮ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳಲ್ಲೂ ಅಷ್ಟೇ, ಅಧ್ಯಕ್ಷರ ಭಾಷಣಕ್ಕಿಂತ ಹಿಂದಿನ ಪುಟಗಳಲ್ಲಿರುವ ಹೋಟೆಲುಗಳ ಜಾಹೀರಾತೇ ಹೆಚ್ಚು ಹೇಳುತ್ತದೆ.

ಬೊರಿವಲಿಯಿಂದ:
ಹಲ್ಲುಜ್ಜುವ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ! ನನ್ನ ಅತ್ತೆ ಪರೇಲಿನ ಚಾಳಿನಲ್ಲಿ ಬೆಳೆದವರು. ಸಿಗಡಿ ಒಲೆಯ ಆರಿದ ಇದ್ದಿಲನ್ನು ಪುಡಿ ಮಾಡಿ, ಉಪ್ಪು ಬೆರೆಸಿ ಉಜ್ಜುತ್ತಿದ್ದರಂತೆ. ನೀರು ಸಾರ್ವಜನಿಕ ನಲ್ಲಿಯದು. ಸರದಿಗೆ ಮನುಷ್ಯರು ನಿಲ್ಲುತ್ತಿರಲಿಲ್ಲ, ಕೊಡಗಳು ನಿಲ್ಲುತ್ತಿದ್ದವು.

ಇದನ್ನು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. "ಆಗ ಜೀವನ ಹೇಗಿತ್ತು?" ಎಂದು ಕೇಳಿದಾಗಲೆಲ್ಲ "ಕಷ್ಟವಿತ್ತು, ಆದರೆ ಒಗ್ಗಟ್ಟಿತ್ತು" ಎಂಬ ಒಂದೇ ಪಾಠ ಒಪ್ಪಿಸುತ್ತಿದ್ದರು. ಒಂದು ದಿನ ಸುಮ್ಮನೆ, "ಖೋಲಿಯ ಬಾಗಿಲು ತೆರೆದರೆ ಬಚ್ಚಲ ಮೋರಿ ಎಡಕ್ಕೋ ಬಲಕ್ಕೋ?" ಎಂದೆ. ಕಣ್ಣು ಮುಚ್ಚಿ, ಕೈ ಚಾಚಿ ಗೋಡೆ ತಡವಿದ ಹಾಗೆ ಮಾಡಿ, "ಬಲಕ್ಕೆ. ಅದರ ಮೇಲೆ ಗೂಡು, ಗೂಡಿನಲ್ಲಿ ಮಾವನ ಕ್ಷೌರದ ಕನ್ನಡಿ" ಎಂದರು. ಆಮೇಲೆ ನಾನು ಕೇಳುವ ಕೆಲಸವೇ ಉಳಿಯಲಿಲ್ಲ.

ಠಾಣೆಯಿಂದ:
ಸಿಕ್ಕಿದ್ದನ್ನೆಲ್ಲ ತುರುಕಬೇಡಿ. ನನ್ನ ಮೊದಲ ಕಾದಂಬರಿಯಲ್ಲಿ ಟ್ರಾಮಿನ ಬಗ್ಗೆ ಆರು ಪುಟಗಳಿದ್ದವು. ಓದಿದ ಗೆಳೆಯ, "ನಾಯಕಿ ಯಾವ ನಿಲ್ದಾಣದಲ್ಲಿ ಇಳಿದುಹೋದಳು?" ಎಂದು ಕೇಳಿದ.

ಡೊಂಬಿವಲಿಯಿಂದ, ಮತ್ತೆ:
ಎಲ್ಲರಿಗೂ ನಮಸ್ಕಾರ. ಹಡಗು, ಕಾಸು, ಬಿಸಿಲು, ಲೋಟ ನಾಲ್ಕೂ ಹೋದವು. ಬೊರಿವಲಿಯವರ ಮಾತು ಕೇಳಿ ನಮ್ಮ ಸೋದರತ್ತೆಯ ಬಳಿ, "ಅಜ್ಜ ಕಪ್ಪುಗಳನ್ನು ಹೇಗೆ ಹಿಡಿಯುತ್ತಿದ್ದರು?" ಎಂದು ಕೇಳಿದೆ. ಎದ್ದು ನಿಂತು, ಎಡಗೈ ಚಾಚಿ, ಮಣಿಕಟ್ಟಿನಿಂದ ಮೊಣಕೈವರೆಗೆ ಬಸಿಗಳ ಸಾಲು ಇಟ್ಟ ಹಾಗೆ ತೋರಿಸಿದರು. ಆಮೇಲೆ ತಾವಾಗಿಯೇ ಹೇಳಿದರು: ಮನೆಯಲ್ಲಿ ಯಾರ ಕೈಯಿಂದ ಕಪ್ಪು ಬಿದ್ದರೂ ಅಪ್ಪ ಬಯ್ಯುತ್ತಿರಲಿಲ್ಲ, ಚೂರು ಹೆಕ್ಕುತ್ತಾ ಇವತ್ತು ತಾರೀಕು ಎಷ್ಟು ಎಂದು ಕೇಳುತ್ತಿದ್ದರು.

ಮಾಟುಂಗಾದ ಹಿರಿಯರೇ, ಆ ಕಿರ್ದಿ ಪುಸ್ತಕ ನೋಡಲು ಭಾನುವಾರ ಬರಬಹುದೇ?