ಉಳುಮೆಗೆ ನಾಲ್ಕು ದಿನ ಇದೆ, ಗದ್ದೆ ನಡುವೆ ಟಿಟ್ಟಿಭ ಮೊಟ್ಟೆ ಇಟ್ಟಿದೆ. ಏನು ಮಾಡಲಿ?

ಗದ್ದೆಮನೆ_ನಾಪೋಕ್ಲು · ಮೇ 6

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ಹೊಳೆಗೆ ತಾಗಿದ ಮೂರು ಎಕರೆ ಗದ್ದೆ. ಪುತ್ತರಿ ಹಬ್ಬ ಕಳೆದು ಕೊಯ್ಲು ಮುಗಿದ ಮೇಲೆ ಬಿಟ್ಟಿದ್ದು ಹಾಗೇ ಇದೆ, ದನ ಮೇಯುತ್ತವೆ ಅಷ್ಟೆ. ಮೂರನೇ ತಾರೀಕು ಬೆಳಿಗ್ಗೆ ಬದು ಸವರಲು ಹೋದಾಗ ಎರಡು ಕೆಂಪು ಟಿಟ್ಟಿಭ ತಲೆ ಮೇಲೇ ಎರಗಿಕೊಂಡು ಬಂದವು. ಏನೋ ಇದೆ ಅಂತ ಕತ್ತಿ ಕೆಳಗಿಟ್ಟು ನಿಧಾನ ನೋಡಿದೆ. ಒಣಗಿದ ಕೂಳೆ ನಡುವೆ, ದನದ ಗೊರಸು ಊರಿದಷ್ಟು ತಗ್ಗಿನಲ್ಲಿ ಮೂರು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಕಲೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನನ್ನ ಕಾಲಡಿಗೇ ಹೋಗುತ್ತಿದ್ದವು. ನಿನ್ನೆ, ಐದನೇ ತಾರೀಕು, ದೂರದಿಂದ ನೋಡಿದರೆ ನಾಲ್ಕಾಗಿವೆ. ಚೂಪು ತುದಿ ಎಲ್ಲ ಒಳಮುಖ, ಯಾರೋ ಕೂತು ಜೋಡಿಸಿಟ್ಟ ಹಾಗೆ.

ತೊಂದರೆ ಏನೆಂದರೆ ಹತ್ತನೇ ತಾರೀಕಿಗೆ ಟ್ರ್ಯಾಕ್ಟರ್ ಬರುತ್ತದೆ. ನಮ್ಮ ಕಡೆ ಒಂದು ಸಲ ಸರದಿ ತಪ್ಪಿದರೆ ಮತ್ತೆ ಟ್ರ್ಯಾಕ್ಟರ್ ಸಿಗುವುದು ಯಾವಾಗಲೋ. ಮೊಟ್ಟೆಯನ್ನು ದಿನಕ್ಕೆ ಎರಡು ಅಡಿಯಂತೆ ಸರಿಸಿ ಬದುವಿಗೆ ತಂದಿಡಬಹುದಾ? ಸುತ್ತ ಮುಳ್ಳುಬೇಲಿ ಹಾಕಲಾ? ಅವ್ವ ಹೇಳುವುದು, ಮೊದಲೆಲ್ಲ ಎತ್ತಿನ ನೇಗಿಲು ಹೂಡುವಾಗ ಅಪ್ಪ ಇಂಥ ಕಡೆ ಎತ್ತು ತಿರುಗಿಸಿ ಬಿಟ್ಟುಕೊಡುತ್ತಿದ್ದರಂತೆ. ಟ್ರ್ಯಾಕ್ಟರಿನ ಮೇಲೆ ಕೂತವರಿಗೆ ಅದು ಕಾಣುವುದೇ ಇಲ್ಲವಲ್ಲ.

ಇನ್ನೊಂದು ಪ್ರಶ್ನೆ. ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮೇಲೆ ಸಂಶೋಧನೆ ಮಾಡುವವರು ಇಲ್ಲಿ ಇದ್ದಾರೆ ಅಂತ ಕೇಳಿದ್ದೇನೆ. ಇದರಲ್ಲಿ ಕಂಡುಹಿಡಿಯುವುದು ಏನಿರುತ್ತದೆ? ಟಿಟ್ಟಿಭ ಎಲ್ಲ ಕಡೆ ಇದೆಯಲ್ಲ?

ಬಾಣೆಮನೆ_ಸೋಮವಾರಪೇಟೆ · ಮೇ 6

ನಮ್ಮ ಮನೆಯಲ್ಲಿ ಹಿಂದೆ ಕಾಡುಕೋಳಿ ಮೊಟ್ಟೆ ಸಿಕ್ಕಿದರೆ ಕಾವಿಗೆ ಕೂತ ನಾಟಿಕೋಳಿ ಕೆಳಗೆ ಇಡುತ್ತಿದ್ದೆವು. ಮರಿ ಆಗುತ್ತಿತ್ತು. ಆದರೆ ಎರಡೇ ದಿನ, ಆಮೇಲೆ ಒಂದೊಂದೇ ಪೊದೆ ಸೇರಿ ಮಾಯ. ಟಿಟ್ಟಿಭಕ್ಕೂ ಹಾಗೆ ಮಾಡಿ ನೋಡಬಹುದೇನೋ. ಟ್ರ್ಯಾಕ್ಟರ್ ಕೆಳಗೆ ಹೋಗುವುದಕ್ಕಿಂತ ವಾಸಿ ಅಲ್ಲವಾ ಅಣ್ಣ?

ನೆಲಗೂಡು · ಮೇ 6

ನಾನು ದಕ್ಷಿಣ ಕೊಡಗಿನಲ್ಲಿ ಗದ್ದೆ ಮತ್ತು ಬಾಣೆಗಳಲ್ಲಿ (ಗದ್ದೆಗೆ ಸೇರಿದ ಹುಲ್ಲು, ಮರದ ನೆಲ) ನೆಲಗೂಡಿನ ಹಕ್ಕಿಗಳ ಹಿಂದೆ ಓಡಾಡುವವಳು. ಅದೇ ನನ್ನ ಸಂಶೋಧನೆ, ಅದೇ ನನ್ನ ಬೇಸಿಗೆ. ಹಾಗಾಗಿ ಉತ್ತರ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲ ಮಾತು: ಮೊಟ್ಟೆ ಮುಟ್ಟಬೇಡಿ. ಸರಿಸುವುದೂ ಬೇಡ, ಕೋಳಿ ಕೆಳಗೆ ಇಡುವುದೂ ಬೇಡ. ನಾಟಿಕೋಳಿ ಇಪ್ಪತ್ತೊಂದು ದಿನಕ್ಕೆ ಕಾವು ಮುಗಿಸಿ ಏಳುತ್ತದೆ, ಟಿಟ್ಟಿಭದ ಮೊಟ್ಟೆಗೆ 28ರಿಂದ 30 ದಿನ ಬೇಕು. ಒಂದು ವೇಳೆ ಒಡೆದರೂ ಆ ಮರಿಗೆ ಕೋಳಿಯ ಭಾಷೆ ಗೊತ್ತಿಲ್ಲ. ಟಿಟ್ಟಿಭದ ಮರಿ ಹುಟ್ಟಿದ ದಿನವೇ ಎದ್ದು ನಡೆದು ತನ್ನ ಹುಳ ತಾನೇ ಹೆಕ್ಕಿ ತಿನ್ನುತ್ತದೆ. ಅಪ್ಪ ಅಮ್ಮ ತಿನ್ನಿಸುವುದಿಲ್ಲ. ಅವರು ಮಾಡುವುದು ಮೇಲಿಂದ ಗಿಡುಗ ಬಂದಾಗ ಕೂಗಿ ಎಚ್ಚರಿಸುವುದು, ರಾತ್ರಿ ರೆಕ್ಕೆ ಕೆಳಗೆ ಸೇರಿಸಿಕೊಳ್ಳುವುದು. ಆ ಕೂಗು ಕೇಳಿದ ತಕ್ಷಣ ಮರಿ ನೆಲಕ್ಕೆ ಅಂಟಿಕೊಂಡು ಮಣ್ಣಿನ ಹೆಂಟೆಯ ಹಾಗೆ ಕೂತುಬಿಡುತ್ತದೆ. ಸೋಮವಾರಪೇಟೆಯವರು ಹೇಳಿದ ಕಾಡುಕೋಳಿ ಮರಿಗಳು ಪೊದೆ ಸೇರಿದವು ನಿಜ, ಆದರೆ ಅಲ್ಲಿ ಕರೆಯುವ ತಾಯಿ ಇರಲಿಲ್ಲ. ಅವು ಎಷ್ಟು ದಿನ ಬದುಕಿದ್ದಾವು ಅಂತ ನೆನೆಸಿಕೊಂಡರೆ ನನಗೆ ಸಂಕಟ ಆಗುತ್ತದೆ. ಬೈಯುತ್ತಿಲ್ಲ, ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಕಾನೂನಿನ ವಿಷಯವೂ ಗೊತ್ತಿರಲಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ಅರ್ಥದೊಳಗೇ ಕಾಡುಹಕ್ಕಿಯ ಮೊಟ್ಟೆ ಹಾಳುಮಾಡುವುದು, ಮೊಟ್ಟೆ ಗೂಡುಗಳನ್ನು ಕದಲಿಸುವುದು ಸೇರಿದೆ.

ಈಗ ನಿಮ್ಮ ಗದ್ದೆಗೆ ಬರೋಣ. ನೀವು ಗೊತ್ತಿಲ್ಲದೆ ಒಂದು ದೊಡ್ಡ ಉಪಕಾರ ಮಾಡಿದ್ದೀರಿ. ಮೂರನೇ ತಾರೀಕು ಮೂರು, ಐದನೇ ತಾರೀಕು ನಾಲ್ಕು ಅಂತ ಬರೆದಿದ್ದೀರಿ. ಟಿಟ್ಟಿಭ ಸಾಮಾನ್ಯವಾಗಿ ನಾಲ್ಕಕ್ಕೆ ನಿಲ್ಲಿಸುತ್ತದೆ, ಕೊನೆಯ ಮೊಟ್ಟೆ ಇಟ್ಟ ಮೇಲೆ ಸರಿಯಾಗಿ ಕಾವಿಗೆ ಕೂರುತ್ತದೆ. ಎಲ್ಲ ಮರಿ ಒಟ್ಟಿಗೆ ಹೊರಬರಬೇಕಲ್ಲ, ಅದಕ್ಕೆ. ಅಂದರೆ ನಿಮ್ಮ ಲೆಕ್ಕ ಮೇ 5ಕ್ಕೆ ಶುರು, ಜೂನ್ 2ರಿಂದ 4ರ ಹೊತ್ತಿಗೆ ಮರಿ. ಬೇರೆಯವರ ಗದ್ದೆಯಲ್ಲಿ ಇದನ್ನು ತಿಳಿಯಲು ನಾನು ಅನುಮತಿ ಪತ್ರ ಹಿಡಿದುಕೊಂಡು ಮೊಟ್ಟೆಯನ್ನು ನೀರಲ್ಲಿ ಇಟ್ಟು ನೋಡಬೇಕಾಗುತ್ತದೆ. ಹೊಸ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ಕಾವು ಅರ್ಧ ಆದದ್ದು ನೆಟ್ಟಗೆ ನಿಲ್ಲುತ್ತದೆ, ಬಲಿತದ್ದು ತೇಲುತ್ತದೆ. ನಿಮಗೆ ಆ ಕೆಲಸವೇ ಇಲ್ಲ.

ನಾಟಿ ಹೇಗೂ ಜುಲೈಯಲ್ಲಿ. ಸಸಿಮಡಿಗೆ ಬೇಕಾದ್ದು ಒಂದು ತಾಕು, ಅದು ಬೇರೆ ಕಡೆ ಇದ್ದರೆ ಸಾಕು. ಹತ್ತನೇ ತಾರೀಕು ಟ್ರ್ಯಾಕ್ಟರ್ ಬರಲಿ, ಉಳಿದ ಎಲ್ಲ ತಾಕು ಉತ್ತುಬಿಡಿ, ಗೂಡಿರುವ ತಾಕೊಂದನ್ನು ಪೂರ್ತಿ ಬಿಡಿ. ಮರಿ ಎದ್ದು ಹೋದ ಮೇಲೆ ಅದೊಂದಕ್ಕೆ ಟಿಲ್ಲರ್ ತಂದರೆ ಆಯಿತು. ಪೂರ್ತಿ ಬಿಡಲು ಆಗುವುದೇ ಇಲ್ಲ ಎಂದರೆ ಗೂಡಿನಿಂದ ಬದುವಿನವರೆಗೆ ಒಂದು ಅಗಲ ಪಟ್ಟಿಯಾದರೂ ಇರಲಿ. ಗೂಡಿನ ಸುತ್ತ ಮಾತ್ರ ದ್ವೀಪದ ಹಾಗೆ ಉಳಿಸಬೇಡಿ. ಉತ್ತ ಕೆಂಪು ಮಣ್ಣಿನ ನಡುವೆ ಒಂದು ಹುಲ್ಲಿನ ತುಂಡು ಉಳಿದರೆ ಕಾಗೆ, ಮುಂಗುಸಿ, ನಾಯಿ ಎಲ್ಲ ನೇರ ಅಲ್ಲಿಗೇ ಬರುತ್ತವೆ.

ಬೇಲಿ ಬೇಡ, ಗುರುತಿಗೆ ಕೋಲೂ ಬೇಡ. ಇದನ್ನು ನಾನು ಒಂದು ಗೂಡು ಕಳೆದುಕೊಂಡು ಕಲಿತೆ. ಮೊದಲ ವರ್ಷ ಮತ್ತೆ ಹುಡುಕಲು ಸುಲಭ ಆಗಲಿ ಅಂತ ಗೂಡಿನ ಪಕ್ಕ ಸುಣ್ಣ ಬಳಿದ ಕೋಲು ನೆಟ್ಟಿದ್ದೆ, ದಿನಾ ಒಂದೇ ದಾರಿಯಲ್ಲಿ ಹೋಗಿ ನೋಡುತ್ತಿದ್ದೆ. ಒಂಬತ್ತನೇ ದಿನ ಹೋದಾಗ ಚಿಪ್ಪು ಮಾತ್ರ ಇತ್ತು, ಹಿಂದಿನ ರಾತ್ರಿಯ ಮಳೆಗೆ ಮೆತ್ತಗಾದ ಮಣ್ಣಿನಲ್ಲಿ ನಾನು ಮಾಡಿದ ಕಾಲುದಾರಿಯ ಉದ್ದಕ್ಕೂ ನಾಯಿಯ ಹೆಜ್ಜೆ. ಆ ಎರಡು ಹಕ್ಕಿ ಸಂಜೆಯವರೆಗೂ ಅಲ್ಲೇ ಸುತ್ತುತ್ತಿದ್ದವು. ಆಮೇಲೆ ಎಂದೂ ಕೋಲು ನೆಟ್ಟಿಲ್ಲ. 'ಮೂರನೇ ಬದು, ಒಂಟಿ ಹಲಸಿನ ಮರದಿಂದ ನಲವತ್ತು ಹೆಜ್ಜೆ' ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಬದು ಮೇಲಿಂದ ದುರ್ಬೀನು ಹಿಡಿದು ನೋಡುತ್ತೇನೆ, ಬಂದ ದಾರಿಯಲ್ಲಿ ಹಿಂದಿರುಗುವುದಿಲ್ಲ.

ನಡು ಮಧ್ಯಾಹ್ನ ಅಂತೂ ಹತ್ತಿರ ಹೋಗಲೇಬೇಡಿ. ಆ ಹೊತ್ತಿನಲ್ಲಿ ಹಕ್ಕಿ ಕೂರುವುದು ಮೊಟ್ಟೆಗೆ ಶಾಖ ಕೊಡಲು ಅಲ್ಲ, ನೆರಳು ಕೊಡಲು. ಹೊಳೆಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುವುದನ್ನು ಕಂಡಿದ್ದೇನೆ. ಫೋಟೋಕ್ಕೆ ಅಂತ ಯಾರಾದರೂ ಅರ್ಧ ಗಂಟೆ ನಿಂತರೆ ಬಿಸಿಲಿಗೆ ಮೊಟ್ಟೆ ಒಳಗೇ ಬೇಯುತ್ತದೆ, ಹೊರಗೆ ಒಂದು ಗೀರೂ ಕಾಣುವುದಿಲ್ಲ.

ಇದರಲ್ಲಿ ಕಂಡುಹಿಡಿಯುವುದೇನು ಎಂದು ಕೇಳಿದಿರಿ. ಮುಖ್ಯವಾಗಿ ಒಂದೇ ಪ್ರಶ್ನೆ: ಇವತ್ತು ಇರುವ ಗೂಡು ನಾಳೆಗೆ ಇರುತ್ತದಾ? ಒಡೆಯದೆ ಉಳಿದ ಗೂಡುಗಳನ್ನು ಎಣಿಸಿದರೆ ಸಾಲದು, ನಾವು ನೋಡುವ ಮೊದಲೇ ಹಾಳಾದವು ಲೆಕ್ಕಕ್ಕೆ ಸಿಗುವುದೇ ಇಲ್ಲವಲ್ಲ. ಹೆರಾಲ್ಡ್ ಮೇಫೀಲ್ಡ್ ಎಂಬವರು 1961ರಲ್ಲಿ ಇದಕ್ಕೆ ಒಂದು ದಾರಿ ತೋರಿಸಿದರು: ಗೂಡುಗಳನ್ನಲ್ಲ, ಒಂದೊಂದು ಗೂಡು ನಮ್ಮ ಕಣ್ಣೆದುರು ಉಳಿದ ದಿನಗಳನ್ನು ಎಣಿಸಿ ಎಂದರು. ದಿನಕ್ಕೆ ನೂರರಲ್ಲಿ 97 ಗೂಡು ಉಳಿಯುತ್ತವೆ ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. 28 ದಿನ ಅದೇ ಲೆಕ್ಕ ಗುಣಿಸುತ್ತಾ ಹೋದರೆ ಕೊನೆಗೆ ಉಳಿಯುವುದು 43. ದಿನಕ್ಕೆ 95 ಆದರೆ ಬರೀ 24. ದಿನಕ್ಕೆ ಎರಡೇ ಗೂಡಿನ ವ್ಯತ್ಯಾಸ, ತಿಂಗಳ ಕೊನೆಗೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ನೀವು ನಾಯಿ ಕಟ್ಟಿಹಾಕಿದರೆ, ದನವನ್ನು ಪಕ್ಕದ ತಾಕಿಗೆ ಹೊಡೆದರೆ ಏನಾಗುತ್ತದೆ ಎನ್ನುವುದಕ್ಕೆ ನನ್ನ ಹತ್ತಿರ ಇರುವ ಉತ್ತರ ಈ ಲೆಕ್ಕ.

ಕೆಂಪು ಟಿಟ್ಟಿಭ ಅಪಾಯದಲ್ಲಿರುವ ಹಕ್ಕಿ ಅಲ್ಲ, ನಿಜ. ಆದರೆ ಎಲ್ಲ ಕಡೆ ಇರುವುದರಿಂದಲೇ ಅದರ ಗೂಡು ಸಿಗುತ್ತದೆ, ಅದರಿಂದ ಕಲಿಯಬಹುದು. ಬುರ್ಲಿ, ನತ್ತಿಂಗ, ನೆಲಗುಬ್ಬಿ, ಇಂಥ ಬೇರೆ ನೆಲಗೂಡಿನ ಹಕ್ಕಿಗಳ ಗೂಡು ಹುಡುಕಿ ಎಣಿಸುವಷ್ಟು ಸಿಗುವುದೇ ಕಷ್ಟ. ಇವಕ್ಕೆಲ್ಲ ಬೇಕಾದ್ದು ಒಂದೇ, ಮಾರ್ಚಿಯಿಂದ ಮಳೆಗಾಲದವರೆಗೆ ಯಾರೂ ಅಗೆಯದ ನೆಲ. ನಮ್ಮಲ್ಲಿ ವರ್ಷಕ್ಕೆ ಒಂದೇ ಬೆಳೆ, ಆದ್ದರಿಂದ ಬೇಸಿಗೆಯಲ್ಲಿ ಖಾಲಿ ಬಿದ್ದ ಗದ್ದೆ ಅಂಥ ನೆಲ ಆಗಿತ್ತು. ಈಗ ಅದೇ ತಿಂಗಳಲ್ಲಿ ಶುಂಠಿಗೆ ಗುತ್ತಿಗೆ ಹೋಗುತ್ತದೆ, ಇಲ್ಲವೇ ಮಣ್ಣು ತುಂಬಿಸಿ ಸೈಟ್ ಆಗುತ್ತದೆ. ಪಾಳು ಬಿಟ್ಟ ಗದ್ದೆಯನ್ನು ನೋಡಿದವರಿಗೆ 'ಏನೂ ಇಲ್ಲ' ಅನ್ನಿಸುತ್ತದೆ. ನಿಮ್ಮ ಕೂಳೆ ನಡುವೆ ಏನಿತ್ತು ಅಂತ ನೀವೇ ನೋಡಿದಿರಲ್ಲ.

ರೈಟರ್_ಸಿದ್ದಾಪುರ · ಮೇ 7

ಮೇಡಂ, ನಾನು ಕಾಫಿ ತೋಟದಲ್ಲಿ ರೈಟರ್, ಆಳುಗಳ ಕೆಲಸ ನೋಡಿಕೊಳ್ಳುವವನು, ಹತ್ತೊಂಬತ್ತು ವರ್ಷ ಆಯಿತು. ಗದ್ದೆಯಲ್ಲಿ ಹಕ್ಕಿ ಕಿರುಚಿ ಹೇಳುತ್ತದೆ. ತೋಟದಲ್ಲಿ ಹೇಳುವವರಿಲ್ಲ. ಕಳೆದ ತಿಂಗಳು ಮರಗಸಿ (ನೆರಳುಮರದ ಕೊಂಬೆ ಕಡಿಯುವುದು) ಮಾಡಿಸುವಾಗ ಬಿದ್ದ ಕೊಂಬೆ ಎಳೆಯಲು ಹೋದ ಹೆಂಗಸಿನ ಕಾಲ ಬುಡದಿಂದ ಒಂದು ಹಕ್ಕಿ ಸದ್ದಿಲ್ಲದೆ ಎದ್ದು ಹೋಯಿತು. ನೋಡಿದರೆ ತರಗೆಲೆ ಮೇಲೆ ಬರೀ ಎರಡು ಮೊಟ್ಟೆ, ಗೂಡೂ ಇಲ್ಲ ಏನೂ ಇಲ್ಲ. ಅದು ನತ್ತಿಂಗ ಅಂತ ಆಮೇಲೆ ತಿಳಿಯಿತು, ರಾತ್ರಿ ರಸ್ತೆಯಲ್ಲಿ ಕಣ್ಣು ಹೊಳೆಸುತ್ತಾ ಕೂರುತ್ತದಲ್ಲ ಅದೇ. ಅವತ್ತು ಆ ಸಾಲು ಬಿಟ್ಟು ಮುಂದೆ ಹೋದೆವು. ಆದರೆ ಈ ತಿಂಗಳ ಕೊನೆಗೆ ಕಳೆ ಹೊಡೆಸಬೇಕು. ಮೊದಲು ಕತ್ತಿಯಲ್ಲಿ ಕೊಯ್ಯುವಾಗ ಆಳುಗಳಿಗೆ ಕಾಣುತ್ತಿತ್ತು, ಈಗ ಮೆಷಿನ್. ಕಾಡುಕೋಳಿ ಮೊಟ್ಟೆ ಚೂರಾಗಿದ್ದನ್ನು ಎರಡು ಸಲ ನಾನೇ ಕಂಡಿದ್ದೇನೆ, ಎರಡು ಸಲವೂ ಮನಸ್ಸಿಗೆ ಬಹಳ ಬೇಜಾರಾಯಿತು. ಕೆಲಸ ನಿಲ್ಲಿಸಲು ನನ್ನ ಕೈಯಲ್ಲಿ ಆಗುವುದಿಲ್ಲ. ನನ್ನ ಮಟ್ಟದಲ್ಲಿ ಏನು ಮಾಡಬಹುದು?

ನೆಲಗೂಡು · ಮೇ 7

ನಿಮ್ಮ ಮಟ್ಟದಲ್ಲೇ ಆಗುವ ಕೆಲಸ ಇದು. ಬ್ಲಾಕಿನ ಕೆಲಸದ ದಿಕ್ಕು ತೀರ್ಮಾನಿಸುವವರು ನೀವೇ ಅಲ್ಲವೇ? ಸಾಮಾನ್ಯವಾಗಿ ಮೆಷಿನ್‌ನವರು ಅಂಚಿನಿಂದ ಶುರುಮಾಡಿ ಒಳಗೆ ಹೋಗುತ್ತಾರೆ. ಹಕ್ಕಿ, ಮರಿ ಎಲ್ಲ ಹೆದರಿ ನಡುವಿನ ಪೊದೆಗೆ ಸೇರುತ್ತವೆ, ಕೊನೆಗೆ ಆ ಪೊದೆಯೂ ಹೋಗುತ್ತದೆ. ನಡುವಿನಿಂದ ಶುರುಮಾಡಿಸಿ ಅಂಚಿನ ಕಡೆಗೆ ಬನ್ನಿ. ಸ್ಕಾಟ್ಲೆಂಡಿನಲ್ಲಿ ಕಾರ್ನ್‌ಕ್ರೇಕ್ ಎಂಬ ನೆಲಹಕ್ಕಿಯನ್ನು ಉಳಿಸಲು ಹುಲ್ಲು ಕೊಯ್ಯುವವರು ಹೀಗೇ ಒಳಗಿನಿಂದ ಹೊರಗೆ ಕೊಯ್ಯುತ್ತಾರೆ. ಮರಿಗಳಿಗೆ ಓಡಿಹೋಗಲು ದಾರಿ ಉಳಿಯುತ್ತದೆ. ನಿಮ್ಮಲ್ಲಿ ಆ ದಾರಿ ದೇವರಕಾಡಿನ ಕಡೆಗೋ ಹೊಳೆಯ ಕಡೆಗೋ ಇದ್ದರೆ ಇನ್ನೂ ಒಳ್ಳೆಯದು.

ಮೊಟ್ಟೆ ಓಡುವುದಿಲ್ಲ, ಅದಕ್ಕೆ ಬೇರೆ ಉಪಾಯ. ಮೆಷಿನ್ ಬರುವ ಹಿಂದಿನ ದಿನ ಇಬ್ಬರು ಹೆಂಗಸರನ್ನು ಸಾಲುಗಳ ನಡುವೆ ನಿಧಾನ ನಡೆಸಿ. ಅವರ ಕಣ್ಣು ನನ್ನ ಕಣ್ಣಿಗಿಂತ ಚುರುಕು, ಇದು ಅನುಭವದ ಮಾತು. ಹಕ್ಕಿ ಎದ್ದ ಗಿಡದ ಸುತ್ತ ನಾಲ್ಕು ಗಿಡ ಬಿಟ್ಟು ಮುಂದೆ ಹೋಗಲಿ. ನತ್ತಿಂಗಕ್ಕೆ ಎರಡೂವರೆ ವಾರ, ಕಾಡುಕೋಳಿಗೆ ಮೂರು ವಾರ ಸಾಕು. ಆಮೇಲೆ ಆ ನಾಲ್ಕು ಗಿಡದ ಬುಡ ಕತ್ತಿಯಲ್ಲಿ ಸವರಿಸಿ. ಕಳೆನಾಶಕ ಹೊಡೆದರೆ ಮೊಟ್ಟೆ ಒಡೆಯುವುದಿಲ್ಲ, ಆದರೆ ಮರೆ ಹೋಗುತ್ತದೆ, ಹುಳ ಹೋಗುತ್ತದೆ, ಮರಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಆಳುಗಳ ಲೈನ್ ಮನೆಯ ನಾಯಿಗಳನ್ನು ಏಪ್ರಿಲ್, ಮೇ ತಿಂಗಳಲ್ಲಿ ತೋಟಕ್ಕೆ ಬಿಡದಿದ್ದರೆ ನೀವು ಮಾಡಿದ ಬೇರೆಲ್ಲದಕ್ಕಿಂತ ಅದು ದೊಡ್ಡದು.

ಗದ್ದೆಮನೆ_ನಾಪೋಕ್ಲು · ಜೂನ್ 5

ಒಂದು ತಿಂಗಳಿಂದ ಬರೆಯಲಿಲ್ಲ, ಏನಾದರೂ ಕೆಟ್ಟದಾದರೆ ಬರೆಯಬೇಕಲ್ಲ ಅಂತ ಹೆದರಿಕೆ ಇತ್ತು. ಟ್ರ್ಯಾಕ್ಟರಿನವರಿಗೆ ಬದು ಮೇಲೆ ನಿಲ್ಲಿಸಿ ದೂರದಿಂದ ತೋರಿಸಿದೆ. ಮೊದಲು ಏನೂ ಕಾಣಲಿಲ್ಲ ಅವರಿಗೆ, ಕಂಡ ಮೇಲೆ ಪಕ್ಕದ ತಾಕಿನಲ್ಲೂ ಆ ಬದಿಯ ಎರಡು ಸಾಲು ತಾವಾಗಿಯೇ ಬಿಟ್ಟರು. ಅವ್ವ ದಿನಾ ಬೆಳಿಗ್ಗೆ ಕೊಟ್ಟಿಗೆಯಿಂದಲೇ 'ಕೂತಿದೆ' ಅಂತ ಹೇಳುತ್ತಿದ್ದರು. ನಮ್ಮ ಎರಡು ನಾಯಿಗಳನ್ನು ಕಟ್ಟಿದ್ದೆ, ಒಂದು ರಾತ್ರಿಯಿಡೀ ಊಳಿಟ್ಟಿತು.

ಮೊನ್ನೆ ಸಂಜೆ ಒಂದು ಸಣ್ಣ ಮಳೆ ಬಂತು. ನಿನ್ನೆ ಬೆಳಿಗ್ಗೆ ಹಕ್ಕಿ ಗೂಡಿನಲ್ಲಿ ಇಲ್ಲ, ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಬದುವಿನ ಹುಲ್ಲಿನ ಬದಿಯಲ್ಲಿ ಉದ್ದ ಕಾಲಿನ ಮೂರು ಸಣ್ಣ ಉಂಡೆ ಓಡಾಡುತ್ತಿವೆ. ಒಂದು ಮೊಟ್ಟೆ ಒಡೆಯದೆ ಅಲ್ಲೇ ಇದೆ, ಮುಟ್ಟಿಲ್ಲ. ದೊಡ್ಡದೊಂದು ಕೂಗಿದ ಕೂಡಲೇ ಮೂರೂ ಕಣ್ಣೆದುರೇ ಮಾಯ, ನೀವು ಹೇಳಿದ ಹಾಗೇ ಮಣ್ಣಿನ ಹೆಂಟೆ.

ಆ ತಾಕು ಇನ್ನೂ ಉತ್ತಿಲ್ಲ ಮೇಡಂ. ಟಿಲ್ಲರಿಗೆ ಹೇಳಿ ಇಟ್ಟಿದ್ದೇನೆ. ಮರಿ ಅಲ್ಲಿಂದ ಹೋಗಿವೆ ಅಂತ ಹೇಗೆ ತಿಳಿಯುವುದು?

ನೆಲಗೂಡು · ಜೂನ್ 5

ಮೂರು! ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹಾರಲು ಇನ್ನೂ ತಿಂಗಳ ಮೇಲೆ ಬೇಕು, ಆದರೆ ನಡೆದು ಬೇರೆ ಕಡೆ ಹೋಗಬಹುದು. ಟಿಲ್ಲರ್ ಇಳಿಸುವ ಮೊದಲು ಬದು ಮೇಲೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ದೊಡ್ಡವು ತಲೆ ಮೇಲೆ ಬಂದು ಕಿರುಚಿದರೆ ಮರಿ ಇನ್ನೂ ಆ ತಾಕಿನಲ್ಲೇ ಇವೆ, ಅವತ್ತು ವಾಪಸ್ ಹೋಗಿ. ದೂರದಲ್ಲಿ ಸುಮ್ಮನೆ ನಿಂತಿದ್ದರೆ ಹೊಳೆ ಬದಿಯ ಹುಲ್ಲು ನೋಡಿ, ಅಲ್ಲಿರುತ್ತವೆ. ಉಳುವಾಗ ಟಿಲ್ಲರ್ ಹೊಳೆಗೆ ದೂರದ ಬದಿಯಿಂದ ಶುರುವಾಗಲಿ.